ಫೋನ್ ಎತ್ತಿದರೆ ಹೊಣೆ ಎತ್ತಿದಂತೆ

ಹೊಸದಾಗಿ ಕ್ಲಿನಿಕ್ ತೆರೆದ ಡಾಕ್ಟರ್ ಮಗಳಿಗೆ ವಕೀಲ ದೊಡ್ಡಪ್ಪನ ಕಿವಿಮಾತು

ಮಗಳೇ, ಅರಕಲಗೂಡಿನಲ್ಲಿ ಕ್ಲಿನಿಕ್ ತೆರೆದಿದ್ದೀಯ, ಸಂತೋಷ. ಬೋರ್ಡಿನ ಕೆಳಗೆ ಮೊಬೈಲ್ ನಂಬರನ್ನೂ ಬರೆಸಿದ್ದಾಳೆ ಅಂತ ನಿಮ್ಮಪ್ಪ ಹೇಳಿದ. ಅದಕ್ಕೇ ಈ ನಾಲ್ಕು ಮಾತು. ಇನ್ನು ಮುಂದೆ ಕೊಣನೂರು, ರಾಮನಾಥಪುರದವರು ಬಸ್ಸಿಗೆ ಕಾಯುವ ಮೊದಲು ನಿನಗೆ ಫೋನ್ ಮಾಡುತ್ತಾರೆ. ಹೊಳೆನರಸೀಪುರದ ಪೇಷಂಟು ಶುಗರ್ ರಿಪೋರ್ಟಿನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಚನ್ನರಾಯಪಟ್ಟಣದಲ್ಲಿ ಅಮ್ಮನಿಗೆ ಜ್ವರ ಅಂತ ಬೆಂಗಳೂರಿನಿಂದ ಮಗ ಮೆಸೇಜ್ ಹಾಕುತ್ತಾನೆ. ಇದೆಲ್ಲ ಬೇಡ ಎನ್ನುವವನು ನಾನಲ್ಲ. ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ಬಂದು ಹೋಗುವುದೆಂದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋದಂತೆ.

ನಿನ್ನ ವೈದ್ಯಶಾಸ್ತ್ರ ನನಗೆ ತಿಳಿಯದು. ಡಾಕ್ಟರುಗಳ ಪರವಾಗಿಯೂ ರೋಗಿಗಳ ಪರವಾಗಿಯೂ ವಾದ ಮಾಡಿದ ಕರಿಕೋಟಿನವನಾಗಿ ಒಂದು ಮಾತು ಹೇಳಬಲ್ಲೆ. ರೋಗ ವಾಸಿಯಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾನೂನು ಯಾವ ವೈದ್ಯರನ್ನೂ ಹಿಡಿಯುವುದಿಲ್ಲ. ಫೋನಿನ ವಿಷಯದಲ್ಲಿ ಅದು ಕೇಳುವುದು ಎರಡೇ ಪ್ರಶ್ನೆ: ನೋಡದೆ ಹೇಳಬಹುದಾದಷ್ಟನ್ನೇ ಹೇಳಿದೆಯಾ? ನೋಡಲೇಬೇಕಾದವರನ್ನು ಕರೆಸಿಕೊಂಡೆಯಾ? ಕೆಳಗಿನ ಮಾತೆಲ್ಲ ಈ ಎರಡು ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳುವ ದಾರಿ.

ಮೊದಲು ಹಿನ್ನೆಲೆ ತಿಳಿದುಕೋ. 2020ರ ತನಕ ಫೋನಿನಲ್ಲಿ ಔಷಧ ಹೇಳುವುದಕ್ಕೆ ನಮ್ಮ ದೇಶದಲ್ಲಿ ಸರಿಯಾದ ನಿಯಮವೇ ಇರಲಿಲ್ಲ. 2018ರಲ್ಲಿ ರತ್ನಾಗಿರಿಯ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿದಾಗ ದೇಶದ ಡಾಕ್ಟರುಗಳೆಲ್ಲ ಬೆಚ್ಚಿದರು. ಆಮೇಲೆ ಕೊರೊನಾ ಬಂತು. ಲಾಕ್‌ಡೌನ್ ಶುರುವಾದ ದಿನ, 2020ರ ಮಾರ್ಚ್ 25ರಂದೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಅದನ್ನು 2002ರ ವೈದ್ಯಕೀಯ ನಡತೆ ನಿಯಮಗಳಿಗೆ 5ನೇ ಅನುಬಂಧವಾಗಿ ಸೇರಿಸಿ ಗೆಜೆಟ್‌ನಲ್ಲಿ ಪ್ರಕಟಿಸಿದರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತಾದರೂ ಅದೇ ತಿಂಗಳು ಅದನ್ನು ತಡೆಹಿಡಿಯಿತು. ಹಾಗಾಗಿ ನೀನು ಓದಿ ಮೇಜಿನ ಮೇಲಿಟ್ಟುಕೊಳ್ಳಬೇಕಾದ್ದು 2020ರ ಮಾರ್ಗಸೂಚಿಯನ್ನೇ.

ಕರೆ ಬಂದಾಗ

- ಹೊಣೆ ಯಾವಾಗ ಶುರುವಾಗುತ್ತದೆ ಎಂಬುದನ್ನು ಮರೆಯಬೇಡ. ವೈದ್ಯರ ಕರ್ತವ್ಯ ಮೂರು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಲಕ್ಷ್ಮಣ ಬಾಲಕೃಷ್ಣ ಜೋಶಿ ಪ್ರಕರಣದಲ್ಲಿ ಹೇಳಿದೆ. ಈ ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ತೀರ್ಮಾನಿಸುವಾಗ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ ಎಚ್ಚರ, ಅದನ್ನು ಕೊಡುವಾಗ ಎಚ್ಚರ. ಕ್ಲಿನಿಕ್ಕಿನಲ್ಲಿ ಮೊದಲನೆಯದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ, ರೋಗಿ ಎದುರಿಗೇ ಕೂತಿರುತ್ತಾರೆ. ಫೋನಿನಲ್ಲಿ ಅದೇ ಎಲ್ಲಕ್ಕಿಂತ ಭಾರದ್ದು. ಇನ್ನೊಂದು ವಿಷಯ, ಫೋನಿಗೆಂದು ಕಡಿಮೆ ಮಟ್ಟದ ಅಳತೆಗೋಲು ಇಲ್ಲ. ಎದುರಿಗೆ ಕೂರಿಸಿಕೊಂಡು ನೋಡುವಾಗ ಯಾವ ವೃತ್ತಿಧರ್ಮವೋ ಇಲ್ಲಿಯೂ ಅದೇ.

- ಪ್ರತಿ ಕರೆಗೂ ಮೊದಲ ಪ್ರಶ್ನೆ: ಇದು ಫೋನಿನಲ್ಲಿ ಆಗುವ ಕೆಲಸವೇ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ನೀನಿಲ್ಲಿ ಕಂಡೇ ಇಲ್ಲ. ಫೋನು ಸಾಕೋ, ಮುಖತಃ ನೋಡಬೇಕೋ ಎಂಬ ತೀರ್ಮಾನವನ್ನು ಮಾರ್ಗಸೂಚಿ ನಿನ್ನ ವೃತ್ತಿಪರ ವಿವೇಚನೆಗೇ ಬಿಟ್ಟಿದೆ. ಬಿಟ್ಟಿದೆ ಎಂದರೆ ಹೊರಿಸಿದೆ ಎಂದೇ ತಿಳಿ. ಹೊಟ್ಟೆ ಮುಟ್ಟಿ ನೋಡದೆ, ಎದೆಗೆ ಸ್ಟೆತಸ್ಕೋಪ್ ಇಡದೆ ಹೇಳಲಾಗದು ಅನ್ನಿಸಿದರೆ ಅಲ್ಲೇ ನಿಲ್ಲಿಸಿ "ನೋಡದೆ ಹೇಳೋಕಾಗಲ್ಲ, ಬನ್ನಿ" ಎನ್ನು. ನನ್ನ ಪ್ರಕಾರ ಫೋನಿನಲ್ಲಿ ಡಾಕ್ಟರು ಕೊಡಬಹುದಾದ ಅತ್ಯಂತ ಭದ್ರವಾದ ಸಲಹೆ ಅದು. ಬರುತ್ತೇನೆ ಎನ್ನುವ ರೋಗಿಗೆ ಫೋನೇ ಸಾಕು ಎಂದು ಒತ್ತಾಯ ಮಾಡುವುದಂತೂ ವೃತ್ತಿ ದುರ್ನಡತೆ ಎನಿಸಿಕೊಳ್ಳುತ್ತದೆ.

- ಎದೆನೋವಿನ ಕರೆಗೆ ಮಾತ್ರೆಯ ಹೆಸರು ಹೇಳಬೇಡ. 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆ ಹೇಗೆ ನಡುಗಿತ್ತು ಎಂದು ನಿನಗೆ ಗೊತ್ತು. ನಲವತ್ತು ದಿನಗಳ ಆಸುಪಾಸಿನಲ್ಲಿ ಹೃದಯಾಘಾತದಿಂದ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬೆಳಗಿನ ಜಾವದಿಂದಲೇ ಜನ. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆಯೇನೂ ಆಗಿಲ್ಲ ಎಂದು ವರದಿ ಕೊಟ್ಟಿತು. ಆದರೂ ಜನರ ಮನಸ್ಸಿನ ಅಂಜಿಕೆ ಹೋಗಿಲ್ಲ. ಈ ಅಂಜಿಕೆಯಿಂದ ಎರಡು ಬಗೆಯ ಕರೆ ಬರುತ್ತವೆ. ಏನೂ ಇಲ್ಲದವರು ಗಾಬರಿಯಿಂದ ಮಾಡುವುದು ಒಂದು. ನಿಜವಾಗಿ ನೋವಿದ್ದವರು "ಗ್ಯಾಸ್ಟ್ರಿಕ್ಕು ಕಣ್ ಡಾಕ್ಟ್ರೇ, ಒಂದ್ ಮಾತ್ರೆ ಹೇಳಿ" ಎನ್ನುವುದು ಇನ್ನೊಂದು. ಫೋನಿನಲ್ಲಿ ಇವೆರಡನ್ನು ಬೇರೆ ಮಾಡುವ ಸಾಧನ ನಿನ್ನ ಹತ್ತಿರ ಇಲ್ಲ, ಅದಕ್ಕೆ ಇಸಿಜಿಯಂಥ ತಪಾಸಣೆಯೇ ಬೇಕು. "ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ" ಎಂದು ಹೇಳು. ಎಷ್ಟು ಗಂಟೆಗೆ ಹೇಳಿದೆ ಎಂದು ಬರೆದಿಡು.

- ತುರ್ತು ಸ್ಥಿತಿಯಲ್ಲಿ ಫೋನಿನ ಕೆಲಸ ಮೂರೇ. ಪ್ರಥಮ ಚಿಕಿತ್ಸೆ, ಜೀವ ಉಳಿಸುವ ತತ್‌ಕ್ಷಣದ ಕ್ರಮ, ಎಲ್ಲಿಗೆ ಹೋಗಬೇಕೆಂಬ ಸಲಹೆ. ಮುಂದಿನದೆಲ್ಲ ಮುಖತಃ ಆಗಬೇಕು. ಹಾವು ಕಚ್ಚಿತು, ಬಸುರಿಗೆ ರಕ್ತ ಹೋಗುತ್ತಿದೆ, ಕೂಸು ಹಾಲು ಕುಡಿಯುತ್ತಿಲ್ಲ, ಅಜ್ಜನ ಬಾಯಿ ಸೊಟ್ಟಗಾಯಿತು ಎಂಬ ಕರೆಗಳಿಗೆ 108 ಮತ್ತು ಹತ್ತಿರದ ಆಸ್ಪತ್ರೆಯ ಹೆಸರು ಬಾಯಿತುದಿಯಲ್ಲಿರಲಿ. ತಂಬಾಕು, ಶುಂಠಿ ಹೊಲಗಳಿರುವ ನಿನ್ನ ತಾಲ್ಲೂಕಿನಲ್ಲಿ ಹಾವಿನ ಮಾತು ಪುಸ್ತಕದ ಮಾತಲ್ಲ. ಹಾವು ಕಡಿತವನ್ನು ಸರ್ಕಾರ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದೆ. ಕ್ಲಿನಿಕ್ಕಿಗೇ ತಂದರೆ ಅದನ್ನೂ ನೆನಪಿಡು. "ನಮ್ಮಲ್ಲಿ ಇದಕ್ಕೆ ಸೌಕರ್ಯ ಇಲ್ಲ, ಇಂಥಲ್ಲಿಗೆ ಹೋಗಿ" ಎಂದು ಸಮಯಕ್ಕೆ ಸರಿಯಾಗಿ ಹೇಳುವುದೂ ಚಿಕಿತ್ಸೆಯೇ.

- ಮಾತಾಡುತ್ತಿರುವವರು ಯಾರು, ರೋಗಿ ಯಾರು ಎಂದು ಬೇರೆ ಬೇರೆಯಾಗಿ ಕೇಳು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ. ಫೋನು ಮಗನದು, ಕಾಯಿಲೆ ತಾಯಿಯದು, ಮಾತಾಡುವವಳು ಸೊಸೆ. ಹೆಸರು, ವಯಸ್ಸು, ಊರು, ಫೋನ್ ನಂಬರು ಕೇಳಿ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬೇಡ. ರೋಗಿ ಜೊತೆಯಲ್ಲೇ ಇದ್ದರೆ ಒಂದು ನಿಮಿಷವಾದರೂ ಅವರ ಬಾಯಿಂದಲೇ ಕೇಳು. ರೋಗಿ ಊರಲ್ಲಿ, ಮಗ ಬೆಂಗಳೂರಲ್ಲಿ ಎಂದಾಗ ಹುಷಾರಾಗು. ತನ್ನ ವಿಷಯ ತಾನು ಹೇಳಬಲ್ಲ ತಾಯಿಯ ಪರವಾಗಿ ಮಗ ಮಾತಾಡಬೇಕಾದರೆ ಆಕೆಯ ಒಪ್ಪಿಗೆ ಪತ್ರ ಬೇಕು, ಇಲ್ಲವೇ ಸಂಬಂಧ ತೋರಿಸುವ ದಾಖಲೆ ಇರಬೇಕು. ಮಕ್ಕಳಾದರೆ ಪಕ್ಕದಲ್ಲಿ ದೊಡ್ಡವರು ಇರಲೇಬೇಕು, ಅವರು ಯಾರೆಂದೂ ನಿನಗೆ ಖಾತ್ರಿಯಾಗಬೇಕು.

- ನೀನು ಯಾರೆಂದೂ ಅವರಿಗೆ ತಿಳಿದಿರಲಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನಿನ್ನ ನೋಂದಣಿ ಸಂಖ್ಯೆ ಚೀಟಿಯಲ್ಲಿ, ರಸೀತಿಯಲ್ಲಿ, ವಾಟ್ಸ್‌ಆ್ಯಪ್ ಪ್ರೊಫೈಲಿನಲ್ಲಿ ಕಾಣುವಂತಿರಲಿ. ನೀನು ಊಟಕ್ಕೆ ಹೋದಾಗ ಫೋನೆತ್ತಿ "ಡೋಲೋ ತಗೊಳ್ಳಿ, ಸರಿಹೋಗುತ್ತೆ" ಎನ್ನುವ ಹುಡುಗ ಕ್ಲಿನಿಕ್ಕಿನಲ್ಲಿ ಇದ್ದರೆ ಇಂದೇ ನಿಲ್ಲಿಸು. ಅವನ ಬಾಯಿಂದ ಬಂದ ಸಲಹೆ ನಿನ್ನ ಹೆಸರಿಗೇ ಜಮೆಯಾಗುತ್ತದೆ. ಅರ್ಹತೆಯಿಲ್ಲದ ಪದ್ಧತಿಯಲ್ಲಿ ಔಷಧ ಕೊಡುವುದು ತನ್ನಷ್ಟಕ್ಕೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿತು. ಅಲ್ಲಿ ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟಿದ್ದರು.

- ಒಪ್ಪಿಗೆ ವಿಷಯದಲ್ಲಿ ಒಂದು ಸಣ್ಣ ವ್ಯತ್ಯಾಸ ತಿಳಿದಿರಲಿ. ರೋಗಿ ತಾನಾಗಿ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ನೀನೇ ಮಾಡಿದರೆ, ಅಥವಾ ಆರೋಗ್ಯ ಕಾರ್ಯಕರ್ತರು ಇಲ್ಲವೇ ನೋಡಿಕೊಳ್ಳುವವರು ಮಾಡಿಕೊಟ್ಟರೆ, ಬಾಯಿಬಿಟ್ಟು ಅಥವಾ ಬರೆದು ಕೊಟ್ಟ ಒಪ್ಪಿಗೆ ಬೇಕು. "ನನಗೆ ಫೋನಿನಲ್ಲಿ ಸಲಹೆ ಪಡೆಯಲು ಒಪ್ಪಿಗೆ ಇದೆ" ಎಂಬ ಒಂದು ಸಾಲಿನ ಮೆಸೇಜು ಸಾಕು. ಆದರೆ ಫೋನಿನಲ್ಲಿ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದ ಮೇಲೆ ಅದನ್ನು ತಗೋ. ನಮ್ಮ ಕಡೆಯವರು ಡಾಕ್ಟರು ಏನಂದರೂ ಹೂಂಗುಡುತ್ತಾರೆ. ಆ ಹೂಂ ಅನ್ನೇ ಒಪ್ಪಿಗೆ ಎಂದು ನಂಬಿಕೊಂಡು ಕೂರಬೇಡ.

ಔಷಧ ಬರೆಯುವಾಗ

- ಹೊಸ ರೋಗಿ, ಹಳೇ ರೋಗಿ ಎಂಬುದನ್ನು ನೆನಪಿನಿಂದ ತೀರ್ಮಾನಿಸಬೇಡ, ತಾರೀಖು ನೋಡು. ಅದೇ ಕಾಯಿಲೆಗೆ ಆರು ತಿಂಗಳೊಳಗೆ ಎದುರಿಗೆ ನೋಡಿದ್ದರೆ ಮಾತ್ರ ಮರುಭೇಟಿ. ಆರು ತಿಂಗಳು ದಾಟಿದರೆ, ಅಥವಾ ಹೊಸ ಕಾಯಿಲೆಯಾದರೆ, ಹತ್ತು ವರ್ಷದ ಪರಿಚಯವಿದ್ದರೂ ಕಾನೂನಿನ ಕಣ್ಣಿಗೆ ಅದು ಮೊದಲ ಭೇಟಿ. ಹೊಳೆನರಸೀಪುರದ ಆ ಶುಗರ್ ಪೇಷಂಟು ಇಂದು ಮೊಣಕಾಲು ನೋವಿಗೆ ಫೋನ್ ಮಾಡಿದರೆ ಅವರು ನಿನಗೆ ಹೊಸಬರೇ.

- ನಾಲ್ಕು ಪಟ್ಟಿಗಳನ್ನು ಬಾಯಿಪಾಠ ಮಾಡು. ಮೊದಲನೆಯದು 'ಓ' ಪಟ್ಟಿ. ಪ್ಯಾರಾಸಿಟಮಾಲ್, ಓಆರ್‌ಎಸ್, ಜಿಂಕ್‌ನಂಥ ಸುರಕ್ಷಿತ ಔಷಧಗಳು ಇದರಲ್ಲಿವೆ. ಮಾತಾಡಿಯಾಗಲಿ, ಮೆಸೇಜಿನಲ್ಲಾಗಲಿ ಹೇಳಬಹುದು. 'ಎ' ಪಟ್ಟಿಯದನ್ನು ಮೊದಲ ಭೇಟಿಯಲ್ಲಿ ಬರೆಯಬೇಕಾದರೆ ವಿಡಿಯೊ ಬೇಕು. ಹುಳುಕಡ್ಡಿಗೆ ಹಚ್ಚುವ ಕ್ಲೋಟ್ರಿಮಜೋಲ್, ಕಣ್ಣು ಕೆಂಪಾದಾಗ ಹಾಕುವ ಡ್ರಾಪ್ಸ್ ಈ ಜಾತಿಯವು. ನಡೆಯುತ್ತಿರುವ ಬಿಪಿ, ಶುಗರ್ ಮಾತ್ರೆಗಳನ್ನು ಮುಂದುವರಿಸುವುದೂ ಇದರಲ್ಲೇ ಬರುತ್ತದೆ. 'ಬಿ' ಪಟ್ಟಿ ಮರುಭೇಟಿಗೆ ಮಾತ್ರ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರಿಗೆ ಸಿಟಾಗ್ಲಿಪ್ಟಿನ್ ಸೇರಿಸುವುದು, ಅಟೆನೊಲಾಲ್ ಜೊತೆಗೆ ಥಯಜೈಡ್ ಸೇರಿಸುವುದು ಇಂಥವು. ನಾಲ್ಕನೆಯದು ನಿಷಿದ್ಧ ಪಟ್ಟಿ: ಔಷಧ ನಿಯಮಗಳ ಎಕ್ಸ್ ಅನುಸೂಚಿಯವು ಮತ್ತು ಮಾದಕ ವಸ್ತು ಕಾಯ್ದೆಯ ಕೆಳಗೆ ಬರುವವು. ಕೆಟಮಿನ್, ಮಾರ್ಫಿನ್‌ನಂಥವನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. ನೋವು ತಡೆಯಲಾರದೆ ಅಳುವವರನ್ನು ಕಂಡು ಕರಗಿ ಬರೆದರೂ ತಪ್ಪು ತಪ್ಪೇ.

- ಕಾಯಿಲೆ ಇಂಥದ್ದಿರಬಹುದು ಎಂದು ಬರೆಯದೆ ಮಾತ್ರೆ ಬರೆಯಬೇಡ. ತಾತ್ಕಾಲಿಕ ನಿದಾನವಾದರೂ ಚೀಟಿಯಲ್ಲಿ ಇರಬೇಕು. ಸಾಕಷ್ಟು ಮಾಹಿತಿಯಿಲ್ಲದೆ, ನಿದಾನವೇ ಇಲ್ಲದೆ ಔಷಧ ಬರೆಯುವುದನ್ನು ಮಾರ್ಗಸೂಚಿ ವೃತ್ತಿ ದುರ್ನಡತೆ ಎಂದೇ ಕರೆದಿದೆ. ಕರೆಯಲ್ಲಿ ಏನು ಕೇಳಿದೆ, ಅಲರ್ಜಿ ಇದೆಯೇ, ಬಸುರಿಯೇ, ಬೇರೆ ಮಾತ್ರೆ ನಡೆಯುತ್ತಿದೆಯೇ ಎಂಬುದಕ್ಕೂ ಎರಡು ಸಾಲು ಇರಲಿ. ಔಷಧದ ಜನರಿಕ್ ಹೆಸರು, ಓದಲು ಬರುವ ಅಕ್ಷರ, ಸಹಿ, ತಾರೀಖು, ನೋಂದಣಿ ಸಂಖ್ಯೆ ಇವಿಷ್ಟೂ ಇದ್ದ ಚೀಟಿಯ ಫೋಟೋ ಕಳಿಸು.

- "ಮೆಡಿಕಲ್‌ನವರಿಗೆ ಫೋನ್ ಕೊಡಿ, ನಾನೇ ಹೇಳ್ತೀನಿ" ಎನ್ನುವ ಅಭ್ಯಾಸ ಬೇಡವೇ ಬೇಡ. ನಮ್ಮ ಪೇಟೆ ಬೀದಿಗಳಲ್ಲಿ ಇದು ದಿನನಿತ್ಯದ ನೋಟ. ಗಲಾಟೆಯಲ್ಲಿ ಒಂದು ಹೆಸರು ಇನ್ನೊಂದಾಗಿ ಕೇಳಿಸಬಹುದು, ಐದು ಮಿಲಿಗ್ರಾಂ ಐವತ್ತಾಗಬಹುದು. ಹೇಳಿದ್ದಕ್ಕೆ ನಿನ್ನ ಹತ್ತಿರ ಸಾಕ್ಷಿ ಇಲ್ಲ, ಕೊಟ್ಟಿದ್ದಕ್ಕೆ ಅವರ ಹತ್ತಿರ ಚೀಟಿ ಇಲ್ಲ. ಚೀಟಿಯನ್ನು ನೇರವಾಗಿ ಅಂಗಡಿಗೆ ಕಳಿಸಬೇಕಾದರೂ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಯಾವ ಅಂಗಡಿಯಲ್ಲಾದರೂ ಕೊಳ್ಳುವ ಸ್ವಾತಂತ್ರ್ಯ ಅವರಿಗಿದೆ.

- ಒಳರೋಗಿಯನ್ನು ಫೋನಿನಲ್ಲಿ ನಡೆಸಬೇಡ. ರತ್ನಾಗಿರಿಯ ಪ್ರಕರಣವನ್ನು ಎಲ್ಲರೂ "ಫೋನಿನಲ್ಲಿ ಔಷಧ ಹೇಳಿದ್ದಕ್ಕೆ ಕೇಸು" ಎಂದು ನೆನಪಿಟ್ಟುಕೊಂಡಿದ್ದಾರೆ. ಅದರ ಒಳಹೂರಣ ಬೇರೆ. ಸಿಸೇರಿಯನ್ ಆಗಿ ಮನೆಗೆ ಹೋಗಿದ್ದ ಬಾಣಂತಿ ಮತ್ತೆ ಹುಷಾರು ತಪ್ಪಿದಾಗ, ವೈದ್ಯರು ಊರಲ್ಲಿಲ್ಲದಿದ್ದರೂ ಅವರ ನರ್ಸಿಂಗ್ ಹೋಮಿನಲ್ಲೇ ದಾಖಲಿಸಿಕೊಂಡರು. ನೋಡಲು ಬೇರೆ ವೈದ್ಯರಿರಲಿಲ್ಲ, ಚಿಕಿತ್ಸೆ ಫೋನಿನ ಮೇಲೆ ನಡೆಯಿತು. ಆ ತಾಯಿ ಉಳಿಯಲಿಲ್ಲ. ನೀನು ಮುಂದೆ ಹಾಸಿಗೆ ಹಾಕಿ ನರ್ಸಿಂಗ್ ಹೋಂ ಮಾಡಿದರೆ, ಮದುವೆಗೋ ತಿರುಪತಿಗೋ ಹೋಗುವ ಮೊದಲು ನಿನ್ನ ಜಾಗದಲ್ಲಿ ನಿಲ್ಲುವ ಅರ್ಹ ವೈದ್ಯರ ಹೆಸರು ಬರೆದಿಟ್ಟು ಹೋಗು. ಯಾರೂ ಸಿಗದಿದ್ದರೆ ದಾಖಲು ಮಾಡಿಕೊಳ್ಳಬೇಡ.

ನಡುವೆ ಇನ್ನೊಬ್ಬರು ಇದ್ದಾಗ

- ಇನ್ನೊಬ್ಬ ವೈದ್ಯರನ್ನು ಕೇಳಿದರೂ ಚಿಕಿತ್ಸೆ ನಿನ್ನದೇ. ಟೆಲಿಮೆಡಿಸಿನ್ ಕರ್ನಾಟಕಕ್ಕೆ ಹೊಸದಲ್ಲ. ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದ ಜೊತೆ ಜೋಡಿಸಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ನಿಮಿಷಗಳಲ್ಲಿ ಹೃದ್ರೋಗ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡುತ್ತಾರೆ. ಎದೆನೋವಿನವರನ್ನು ಮನೆಯಲ್ಲಿ ಮಲಗಿಸದೆ ತಾಲ್ಲೂಕು ಆಸ್ಪತ್ರೆಗೆ ಕಳಿಸು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಇಂಥ ಕಡೆ ಮಾರ್ಗಸೂಚಿಯ ನಿಯಮ ಸರಳ: ಸಲಹೆ ಕೇಳಿದ ವೈದ್ಯರೇ ಚಿಕಿತ್ಸೆಗೆ ಹೊಣೆ. ಬೆಂಗಳೂರಿನ ದೊಡ್ಡ ಡಾಕ್ಟರು ಹೇಳಿದರು ಎಂಬುದು ಉತ್ತರವಾಗುವುದಿಲ್ಲ. ಅವರಿಗೆ ನೀನು ಏನು ತಿಳಿಸಿದೆ, ಅವರು ಏನಂದರು ಎರಡನ್ನೂ ಬರೆದಿಡು.

- ಆರೋಗ್ಯ ಕಾರ್ಯಕರ್ತೆಯ ಕಣ್ಣನ್ನು ಸರಿಯಾಗಿ ಬಳಸಿಕೋ. ಇ-ಸಂಜೀವಿನಿಯಲ್ಲಿ ಕೂರುವ ಅವಕಾಶ ಬಂದರೆ ಬಿಡಬೇಡ. 2019ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಪಕ್ಕದಲ್ಲೇ ಇರುತ್ತಾರೆ. ಬಿಪಿ ಎಷ್ಟು, ಶುಗರ್ ಎಷ್ಟು, ಕಾಲು ಊದಿದೆಯೇ, ಉಸಿರು ನಿಮಿಷಕ್ಕೆಷ್ಟು ಎಂದು ಅಳೆಸಿ ಹೇಳಿಸಿಕೋ. ಕೇಳದೆ ಬಿಟ್ಟ ಪ್ರಶ್ನೆಗೆ ಆಕೆ ಹೊಣೆಯಲ್ಲ, ನೀನು. ಕೇಳಿದ ಮೇಲೂ ಮನಸ್ಸಿಗೆ ಸಮಾಧಾನವಾಗದಿದ್ದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕಳಿಸಲು ಹೇಳು.

- ಆ್ಯಪ್ ಕಂಪನಿಗೆ ಸೇರುವ ಮೊದಲು ಒಪ್ಪಂದ ನನಗೆ ತೋರಿಸು. ಅಲ್ಲಿ ವೈದ್ಯರ ಹೆಸರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆ ಕಾಣುವಂತೆ ಇರಬೇಕು ಎಂಬುದು ನಿಯಮ. ಗಂಟೆಗೆ ಇಷ್ಟು ಕರೆ ಮುಗಿಸಬೇಕು ಎಂಬ ಷರತ್ತಿದ್ದರೆ ಸಹಿ ಹಾಕಬೇಡ. ಅವಸರ ಅವರದು, ಹೊಣೆ ನಿನ್ನದು ಎಂಬ ಲೆಕ್ಕ ಅದು. ಕೃತಕ ಬುದ್ಧಿಮತ್ತೆಯ ಯಂತ್ರ ತಾನಾಗಿ ರೋಗಿಗೆ ಸಲಹೆ ಹೇಳುವಂತಿಲ್ಲ, ಔಷಧ ಬರೆಯುವಂತಿಲ್ಲ. ನಿನಗೆ ನೆರವಾಗಬಹುದು, ಅಷ್ಟೇ. ಕೊನೆಯ ಸಹಿ ಮನುಷ್ಯರದು.

- ಮನಸ್ಸಿನ ಕಾಯಿಲೆಯ ಕರೆಯನ್ನು ಬೇಗ ಮುಗಿಸಬೇಡ. "ಬದುಕೋದು ಬೇಡ ಅನ್ಸುತ್ತೆ" ಎಂದವರನ್ನು ಒಂಟಿಯಾಗಿ ಬಿಟ್ಟು ಫೋನ್ ಇಡಬಾರದು. ಮನೆಯವರೊಬ್ಬರನ್ನು ಪಕ್ಕಕ್ಕೆ ಕರೆಸು, ಟೆಲಿ ಮಾನಸ್‌ನ 14416 ಕೊಡು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸಹಾಯವಾಣಿಯ ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಾರನೆಯ ದಿನ ನೀನಾಗಿ ಫೋನ್ ಮಾಡಿ ವಿಚಾರಿಸು.

ಗುಟ್ಟು, ದಾಖಲೆ, ದುಡ್ಡು

- ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿಯೇ ಮಾತು ಶುರು ಮಾಡು. ಹಳ್ಳಿಮನೆಯಲ್ಲಿ ಫೋನು ಸ್ಪೀಕರಿನಲ್ಲೇ ಇರುತ್ತದೆ. ಹೆಂಗಸರ ಸಮಸ್ಯೆ, ಹುಡುಗರ ಗುಪ್ತರೋಗ, ಗಂಡನ ಹೊಡೆತ ಇವನ್ನು ಹತ್ತು ಕಿವಿಯ ಎದುರು ಯಾರೂ ಹೇಳುವುದಿಲ್ಲ. ಹೇಳದಿದ್ದರೆ ನಿನ್ನ ನಿದಾನವೇ ತಪ್ಪುತ್ತದೆ. ರೋಗಿ ಕಳಿಸಿದ ಮೈಯ ಫೋಟೋ ನಿನ್ನ ಗ್ಯಾಲರಿಯಲ್ಲಿ ಮಕ್ಕಳ ಹುಟ್ಟುಹಬ್ಬದ ಫೋಟೋ ಜೊತೆ ಸೇರದಿರಲಿ. ಕ್ಲಿನಿಕ್ಕಿಗೇ ಬೇರೆ ಫೋನು, ಬೇರೆ ನಂಬರು ಇಟ್ಟುಕೋ. ವಿಚಿತ್ರ ಕೇಸು ಎಂದು ಡಾಕ್ಟರುಗಳ ಗುಂಪಿಗೆ ಹಾಕುವ ಮೊದಲು ಹೆಸರು, ಮುಖ ತೆಗೆ, ಒಪ್ಪಿಗೆ ಕೇಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕ್ಲಿನಿಕ್ ಚಿಕ್ಕದು ಎಂದು ನಿನ್ನನ್ನು ಹೊರಗಿಡುವುದಿಲ್ಲ.

- ಬರೆಯದ ಸಲಹೆ ಕೋರ್ಟಿನಲ್ಲಿ ಕೊಡದ ಸಲಹೆ. ಯಾವ ದಿನ, ಎಷ್ಟು ಗಂಟೆಗೆ, ಯಾರು, ಯಾವ ಮಾಧ್ಯಮದಲ್ಲಿ, ಏನು ಹೇಳಿದರು, ನೀನು ಏನಂದೆ ಎಂದು ಒಂದು ಪುಸ್ತಕವಿರಲಿ. ಕಳಿಸಿದ ಚೀಟಿಯ ಪ್ರತಿ, ಬಂದ ರಿಪೋರ್ಟು, ಫೋಟೋ ಎಲ್ಲವನ್ನೂ ಉಳಿಸು. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು ತಾನಾಗಿ ಅಳಿಸಿಹೋಗುವ ಸೌಲಭ್ಯವನ್ನು ತೆಗೆದುಹಾಕು. ಎಲ್ಲಕ್ಕಿಂತ ಮುಖ್ಯವಾಗಿ, "ಬಂದು ತೋರಿಸಿ ಎಂದೆ" ಎಂಬುದನ್ನು ಮರೆಯದೆ ಬರೆ. ಡಾಕ್ಟರು ಹೇಳಿದ್ದು, ರೋಗಿ ಬಾರದಿದ್ದುದು ಎರಡೂ ನಿಜವಿದ್ದು, ಪುಸ್ತಕದಲ್ಲಿ ಮಾತ್ರ ಏನೂ ಇಲ್ಲದಿದ್ದರೆ ವಕೀಲನಾದವನು ಏನು ತಾನೇ ತೋರಿಸಬೇಕು? ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡು, ಕೊಸರಾಡಬೇಡ.

- ದುಡ್ಡು ತೆಗೆದುಕೊಂಡರೆ ರಸೀತಿ ಕೊಡು. ಫೋನ್‌ಪೇಯಲ್ಲಿ ಬಂದ ಇನ್ನೂರು ರೂಪಾಯಿಗೂ ರಸೀತಿ ಬೇಕು. ಶುಲ್ಕ ತೆಗೆದುಕೊಂಡ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿದೆ. 2019ರ ಹೊಸ ಕಾಯ್ದೆಯಿಂದ ಡಾಕ್ಟರುಗಳು ಹೊರಗೆ ಎಂಬ ವಾದವನ್ನು 2022ರಲ್ಲಿ ಅದೇ ಕೋರ್ಟು ಒಪ್ಪಲಿಲ್ಲ.

- ಉಚಿತ ಸಲಹೆಗೆ ಹೊಣೆಯಿಲ್ಲ ಎಂದುಕೊಳ್ಳಬೇಡ. ಪೂರ್ತಿ ಉಚಿತ ಸೇವೆಗೆ ಗ್ರಾಹಕ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ, ಅದು ಸರಿ. ಸಿವಿಲ್ ಕೋರ್ಟಿನ ಬಾಗಿಲು, ವೈದ್ಯಕೀಯ ಪರಿಷತ್ತಿನ ಬಾಗಿಲು ತೆರೆದೇ ಇರುತ್ತವೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಚಿಕ್ಕಮ್ಮ ರಿಪೋರ್ಟು ತೋರಿಸಿದರೆ, "ನಾಳೆ ಕ್ಲಿನಿಕ್ಕಿಗೆ ಬನ್ನಿ ಚಿಕ್ಕಮ್ಮ, ಸರಿಯಾಗಿ ನೋಡೋಣ" ಎಂದು ಒಬ್ಬಟ್ಟಿಗೆ ಕೈಹಾಕು.

- ದೂರು ಎಲ್ಲಿ ಬೀಳುತ್ತದೆ ಎಂದು ತಿಳಿದಿರು. ಹಳೇ ಕಾಯ್ದೆಯಲ್ಲಿ ಡಾಕ್ಟರು ಇರುವ ಕಡೆ, ಅಥವಾ ಘಟನೆ ನಡೆದ ಕಡೆ ದೂರು ಕೊಡಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಬೆಂಗಳೂರಿನ ಡಾಕ್ಟರು ಶ್ರವಣಬೆಳಗೊಳದವರಿಗೆ ಫೋನಿನಲ್ಲಿ ತಪ್ಪು ಸಲಹೆ ಕೊಟ್ಟರೆ ಹಾಸನಕ್ಕೆ ಬಂದು ಉತ್ತರಿಸಬೇಕು. ನೀನು ಬೀದರಿನವರಿಗೆ ಸಲಹೆ ಕೊಟ್ಟರೆ ಬೀದರ್ ದಾರಿ ನೋಡಬೇಕು. ಕೊಟ್ಟ ಶುಲ್ಕ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಇನ್ನು ಅಮೆರಿಕದಲ್ಲೋ ದುಬೈನಲ್ಲೋ ಇರುವ ನಮ್ಮೂರ ಹುಡುಗ "ಅಕ್ಕಾ, ನನಗೆ ಒಂದು ಚೀಟಿ ಬರೆದು ಕಳಿಸಿ" ಎಂದರೆ ಕೈಮುಗಿ. ದೇಶದ ಹೊರಗಿನ ರೋಗಿಗೆ ಈ ಮಾರ್ಗಸೂಚಿ ಅನ್ವಯವಾಗುವುದಿಲ್ಲ.

ಏನಾದರೂ ಹೆಚ್ಚುಕಡಿಮೆಯಾದಾಗ

- ಫೋನ್ ಸ್ವಿಚ್ ಆಫ್ ಮಾಡಬೇಡ. ನಾನು ನೋಡಿದ ಎಷ್ಟೋ ದೂರುಗಳ ಮೂಲದಲ್ಲಿದ್ದದ್ದು ಔಷಧಕ್ಕಿಂತ ಹೆಚ್ಚಾಗಿ "ಆಮೇಲೆ ಫೋನೇ ಎತ್ತಲಿಲ್ಲ" ಎಂಬ ಸಿಟ್ಟು. ಎತ್ತು, ಕೇಳು, ಆಗಿದ್ದನ್ನು ಹೇಳು, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಸು, ಅಲ್ಲಿನ ವೈದ್ಯರಿಗೆ ನೀನೇ ವಿವರ ಕೊಡು.

- ದಾಖಲೆಯನ್ನು ತಿದ್ದಬೇಡ. ಬಿಟ್ಟುಹೋದದ್ದು ನೆನಪಾದರೆ, ಸೇರಿಸುವ ದಿನದ ತಾರೀಖನ್ನೇ ಹಾಕಿ ಕೆಳಗೆ ಹೊಸದಾಗಿ ಸೇರಿಸು. ನಿರ್ಲಕ್ಷ್ಯವೇ ಇಲ್ಲದ ಕೇಸೂ ತಿದ್ದಿದ ಒಂದು ಸಾಲಿನಿಂದ ಸೋಲುತ್ತದೆ.

- ಪೊಲೀಸು ಎಂದಕೂಡಲೇ ಕಂಗಾಲಾಗಬೇಡ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ, ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಸಾಧಾರಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು. ತನಿಖಾಧಿಕಾರಿ ಮೊದಲು ಬೇರೊಬ್ಬ ವೈದ್ಯರ, ಅದರಲ್ಲೂ ಸರ್ಕಾರಿ ಸೇವೆಯಲ್ಲಿರುವವರ ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು, ಸುಮ್ಮಸುಮ್ಮನೆ ಬಂಧಿಸುವಂತಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸಜೆ ಇಟ್ಟಿದೆ. ವೈದ್ಯಕೀಯ ಕ್ರಿಯೆಯ ವೇಳೆಯದಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ನಿನ್ನ ವೃತ್ತಿ ವಿಮೆ ಫೋನ್ ಸಲಹೆಗೂ ಅನ್ವಯವಾಗುತ್ತದೆಯೇ ಎಂದು ಈ ವಾರವೇ ಪಾಲಿಸಿ ತೆಗೆದು ಓದು.

- ಇಷ್ಟೆಲ್ಲ ಓದಿ ಹೆದರಿ ನಂಬರು ಅಳಿಸಬೇಡ. ಹೆದರಿ ಫೋನ್ ಎತ್ತದ ಡಾಕ್ಟರಿಂದ ಹಿರೀಸಾವೆಯ ಮುದುಕಿಗೆ ಏನು ಉಪಯೋಗ? ಬೋರ್ಡಿನಲ್ಲಿ ನಂಬರಿನ ಕೆಳಗೆ ಮೂರು ಸಾಲು ಸೇರಿಸು: ಫೋನಿನಲ್ಲಿ ಸಿಗುವ ವೇಳೆ ಇದು; ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತ, ಹೆರಿಗೆ ನೋವಿಗೆ ಮೊದಲು 108; ನೋಡಲೇಬೇಕು ಎಂದರೆ ದಯವಿಟ್ಟು ಬನ್ನಿ. ದುಡ್ಡಿಲ್ಲ, ಬಸ್ಸಿಲ್ಲ ಎನ್ನುವವರಿಗೆ ಆಶಾ ಕಾರ್ಯಕರ್ತೆಯ ಮೂಲಕ ಏನು ಮಾಡಬಹುದು ಎಂದು ನೋಡು. ಮುಂದಿನ ಭಾನುವಾರ ಹಾಸನಕ್ಕೆ ಬಂದಾಗ ನಿನ್ನ ಕರೆಗಳ ಪುಸ್ತಕ ತಗೊಂಡು ಬಾ. ಎದುರಾಳಿ ವಕೀಲ ಹೇಗೆ ಓದುತ್ತಾನೋ ಹಾಗೆ ಒಂದು ಸಲ ಓದಿ ಕೊಡುತ್ತೇನೆ.